ದಾರಿ ತಪ್ಪಿಸುವ ಭಜನಾ ಮಂಡಳಿ

ಸಂಜೆ ಏಳು ಗಂಟೆ ಹತ್ತು ನಿಮಿಷ. ಅಂದಾಜಿನ ಮೇಲೆ ಹೇಳುತ್ತಿಲ್ಲ. ಆಂಬುಲೆನ್ಸಿಗೆ ನಾನು ಫೋನು ಮಾಡಿದ ವೇಳೆ ಪಕ್ಕದ ಮನೆಯ ಸುಭೇದಾರ ಕಾಕಾ ಅವರ ಮೊಬೈಲಿನಲ್ಲಿ ಇನ್ನೂ ಹಾಗೇ ಇದೆ. ಅದನ್ನು ಅಳಿಸಲು ಆ ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ನಮ್ಮೂರಿನ ಮಟ್ಟಿಗೆ ಎಲ್ಲ ಕೆಡತೊಡಗಿದ್ದು ಆ ಹೊತ್ತಿಗೆ. ಹೊರಗಿನ ಜಗತ್ತಿನಲ್ಲಿ ಮಾತ್ರ ಅಷ್ಟರಲ್ಲಿ ಯುದ್ಧ ನಿಂತು ಸುಮಾರು ಎರಡು ತಾಸಾಗಿತ್ತು.

ಇದನ್ನು ಬರೆಯಬೇಕೆನಿಸಿದ್ದು ಮೊನ್ನೆ, ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ. ಒಬ್ಬ ಹೆಣ್ಣುಮಗಳು ಹತ್ತಿರ ಬಂದು, "ಅಕ್ಕಾರ, ಉಗರಗೋಳದ ಬಸ್ ಎಲ್ಲಿ ನಿಂದರತೈತ್ರಿ?" ಎಂದು ಕೇಳಿದಳು. ಕೈ ಮಾಡಿ ತೋರಿಸಿದ್ದರೆ ಮುಗಿಯುತ್ತಿತ್ತು. ನಾನು ಅವಳ ಚೀಲ ಹಿಡಿದುಕೊಂಡು ಬಸ್ಸಿನ ತನಕ ಹೋದೆ. ಬೋರ್ಡು ಓದಿದೆ, ಕಂಡಕ್ಟರನನ್ನು ಕೇಳಿದೆ, ಸಾಲದೆಂದು ಡ್ರೈವರನನ್ನೂ ಕೇಳಿದೆ. ಅವಳನ್ನು ಕಿಟಕಿಯ ಪಕ್ಕ ಕೂಡಿಸಿ ಬಸ್ಸು ಹೊರಡುವವರೆಗೂ ಕೆಳಗೆ ನಿಂತೆ. ಅವಳು ಚೀಲವನ್ನು ಎದೆಗೆ ಅವುಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಕಳ್ಳಿ ಎಂದುಕೊಂಡಿರಬೇಕು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ಎಂದು ಹೇಳಿದ್ದರೂ ನಂಬುತ್ತಿರಲಿಲ್ಲ. ಇತಿಹಾಸ ಕಲಿಸುವವರಿಗೆ ಬೇರೆಯವರ ಚೀಲ ಹೊರುವಷ್ಟು ಪುರುಸೊತ್ತು ಎಲ್ಲಿರುತ್ತದೆ, ನೀವೇ ಹೇಳಿ.

ನಮ್ಮೂರಿರುವುದು ನವಿಲುತೀರ್ಥದ ಡ್ಯಾಮಿನ ಕೆಳಗೆ, ದೊಡ್ಡ ರಸ್ತೆಯಿಂದ ಒಳಗೆ. ಒಳಗೆ ಬರುವ ದಾರಿ ಒಂದು ಹಳ್ಳದ ತಗ್ಗಿನಲ್ಲಿ ಎರಡಾಗುತ್ತದೆ. ಎಡಕ್ಕೆ ಊರು, ಬಲಕ್ಕೆ ಕಾಲುವೆಯ ದಂಡೆ. ಆ ತಗ್ಗಿನಲ್ಲಿ ಮೊಬೈಲು ಇವತ್ತಿಗೂ ಹತ್ತುವುದಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರು ಒಳದಾರಿ ಹಿಡಿದು ಅಲ್ಲಿಗೇ ಬಂದು ಕಣ್ಣುಕಣ್ಣು ಬಿಡುತ್ತಾ ನಿಲ್ಲುತ್ತಾರೆ. ದಾರಿ ಕೇಳಿದವರಿಗೆ ಬಾಯಲ್ಲಿ ಹೇಳಿ ಕಳಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಜೊತೆಗೆ ನಡೆದು, ಗುಡ್ಡ ಕಣ್ಣಿಗೆ ಬಿದ್ದ ಮೇಲೆ ತೋರಿಸಿ, ಆಮೇಲೆ ತಿರುಗಿ ಬರಬೇಕು. ನನ್ನ ಅಜ್ಜಿ ಹಂಚಿನ ಮೇಲೆ ರೊಟ್ಟಿ ಬಿಟ್ಟು ಹೀಗೆ ಹೋಗಿಬಿಡುತ್ತಿದ್ದಳು. ಬಾಲ್ಯದಲ್ಲಿ ನಾನು ತಿಂದ ಅರ್ಧ ರೊಟ್ಟಿಗಳು ಒಂದು ಮಗ್ಗುಲು ಕರಕಾಗಿದ್ದವು. ಮುಖ ಸಿಂಡರಿಸಿದರೆ, "ಯಾರಿಗೋ ದಾರಿ ಸಿಕ್ಕೈತಿ, ತಿನ್ನು" ಎನ್ನುತ್ತಿದ್ದಳು. ಆ ಕರಕಿಗೆ ಬೆಣ್ಣೆ ಸವರಿಕೊಂಡು ತಿಂದರೆ ರುಚಿ ಬೇರೆಯೇ. ಈಗ ಬೇಕೆಂದೇ ಸುಟ್ಟರೂ ಅದು ಬರುವುದಿಲ್ಲ.

ಇಂಥ ಊರು ಒಂದೇ ವಾರದಲ್ಲಿ ದಾರಿ ತಪ್ಪಿಸುವುದನ್ನು ಕಲಿಯಿತು. ಅದೂ ಬಹಳ ಚೆನ್ನಾಗಿ ಕಲಿಯಿತು. ನನ್ನ ಸಂಕಟವೆಲ್ಲ ಆ 'ಚೆನ್ನಾಗಿ' ಎಂಬುದರಲ್ಲಿದೆ.

ಗಡಿಯಲ್ಲಿ ಯುದ್ಧ ಶುರುವಾದ ದಿನಗಳು ಅವು. ಗಡಿ ನಮ್ಮಿಂದ ಎಷ್ಟು ದೂರವೆಂದರೆ, ಅಲ್ಲಿಗೆ ಹೋಗಿಬಂದವರು ಊರಿಗೆಲ್ಲ ಸುಭೇದಾರ ಕಾಕಾ ಒಬ್ಬರೇ. ಆದರೆ ಟೀವಿಯಲ್ಲಿ ಗಡಿ ನಮ್ಮ ಪಡಸಾಲೆಗೇ ಬಂದು ಕೂತಿತ್ತು. ಡ್ಯಾಮುಗಳ ಮೇಲೆ ದಾಳಿಯಾಗಬಹುದು ಎಂದು ಯಾರೋ ಅಂದದ್ದೇ ತಡ, ಊರಿನ ಕಣ್ಣೆಲ್ಲ ನವಿಲುತೀರ್ಥದ ಕಡೆ ತಿರುಗಿತು. ಡ್ಯಾಮು ಒಡೆದರೆ ಮೊದಲು ನಾವು, ಆಮೇಲೆ ರಾಮದುರ್ಗ. ಇದರಲ್ಲಿ ಊರಿಗೆ ಭಯವೂ ಇತ್ತು, ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಇತ್ತು.

ಕಾಕಾ ಅವರದು ನಮ್ಮ ಪಕ್ಕದ ಮನೆ. ನಡುವೆ ಒಂದೇ ಗೋಡೆ. ಅವರು ಸೈನ್ಯದಲ್ಲಿ ಇದ್ದದ್ದು ಉಗ್ರಾಣದ ಕಡೆ. ಬೇಳೆ, ಎಣ್ಣೆ, ಬೂಟು, ಕಂಬಳಿ. ಗುಂಡು ಹಾರಿಸಿದ್ದನ್ನು ಅವರೇ ಎಂದೂ ಹೇಳಿಕೊಂಡಿರಲಿಲ್ಲ. ಆದರೂ ಆ ವಾರ ಅವರ ಬೆನ್ನು ನೆಟ್ಟಗಾಯಿತು. ಒಂದು ಸಂಜೆ ಮಠದ ಕಟ್ಟೆಯ ಮೇಲೆ ಹದಿನೈದಿಪ್ಪತ್ತು ಮಂದಿಯನ್ನು ಕೂಡಿಸಿ, ದನಿ ಇಳಿಸಿ ಹೇಳಿದರು:

"ಇದು ಕಿತ್ತೂರು ಸಂಗೊಳ್ಳಿ ಸೀಮಿ. ದೊಡ್ಡ ಸೈನ್ಯ ಇಲ್ದನಽ ಹೊಡದಾಡಿದ ಮಂದಿ ನಾವು. ಊರ ಕಾಯಾಕ ನಮ್ಮದೊಂದು ಪಡಿ ಆಗಬೇಕು. ಆದ್ರ ಹೊರಗ ಗೊತ್ತಾಗಬಾರದು. ಹೊರಗಿನವರಿಗೆ ಇದು ಭಜನಾ ಮಂಡಳಿ."

ತಬಲಾ ಬಾರಿಸುವ ಬಸಣ್ಣ ಕೇಳಿದ: "ಭಜನಿ ಅಂದ್ರ ಮಂದಿ ಕೇಳಾಕ ಬರತಾರಲ್ರಿ ಕಾಕಾ?"

"ನೀ ಹಾಡಿದ್ರ ಯಾರೂ ಬರೂದಿಲ್ಲ. ಅದಕ್ಕಽ ನಿನ್ನ ಮುಂದ ಕೂಡಸೇನಿ."

ಹೀಗೆ ನಮ್ಮ ಗುಪ್ತ ಪಡೆ ಹುಟ್ಟಿತು. ನನ್ನ ಕೈಗೆ ತಾಳ ಕೊಟ್ಟರು. ಬೈಲಹೊಂಗಲದಲ್ಲಿ ಓದಿ, ಎಂ.ಎ. ಮಾಡಿ, ಎರಡು ಮಹಾಯುದ್ಧಗಳ ಕಾರಣ ಮತ್ತು ಪರಿಣಾಮಗಳನ್ನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯುವ ನನಗೆ ಯುದ್ಧದಲ್ಲಿ ಸಿಕ್ಕ ಆಯುಧ ಅದು. ಅದನ್ನೂ ತಪ್ಪು ಬಾರಿಸುತ್ತಿದ್ದೆ.

ಕಾಕಾ ಅವರ ನಿಯಮಗಳು ದಿನಕ್ಕೊಂದು ಬೆಳೆದವು. ಸಂಜೆ ನಾಲ್ಕಕ್ಕೇ ಎಲ್ಲರ ಮೊಬೈಲೂ ಬಂದಾಗಿ ಮಠದ ಪೆಟ್ಟಿಗೆಗೆ ಬರಬೇಕು, ಟೀವಿಯೂ ಬಂದ್. ಅವರದೊಂದು ಮಾತ್ರ ಚಾಲೂ ಇರುತ್ತದೆ, ಅದೂ ಸ್ಟೀಲಿನ ಡಬ್ಬಿಯಲ್ಲಿ, ಬಿಗಿಯಾಗಿ ಮುಚ್ಚಿ. ಇಲ್ಲದಿದ್ದರೆ ಅದರ ತರಂಗ ಹಿಡಿದು ವಿಮಾನ ಬರುತ್ತದೆ. ಟ್ರ್ಯಾಕ್ಟರು ಟೆಂಪೊಗಳ ಬ್ಯಾಟರಿ ಬಿಚ್ಚಿ ಮಠದಲ್ಲಿಡಬೇಕು, ವೈರಿಯ ಕೈಗೆ ನಮ್ಮ ಗಾಡಿ ಸಿಕ್ಕಬಾರದು. ಹಳ್ಳದ ತಗ್ಗಿನ ಬೋರ್ಡಿಗೆ ಕರಿ ಬಣ್ಣ ಹೊಡೆಯಬೇಕು. ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯವಾದದ್ದು: ಕತ್ತಲಾದ ಮೇಲೆ ಯಾವ ಅಪರಿಚಿತ ದಾರಿ ಕೇಳಿದರೂ ಕಾಲುವೆಯ ಕಡೆಗೆ ಅಟ್ಟಬೇಕು.

"ಹಾಲಿನ ಗಾಡ್ಯಾಗ ಬರಬಹುದು, ಆಂಬುಲೆನ್ಸಿನ್ಯಾಗ ಬರಬಹುದು, ಪೊಲೀಸ್ ಡ್ರೆಸ್ಸಿನ್ಯಾಗ ಬರಬಹುದು. ನಂಬಬ್ಯಾಡ್ರಿ. ನನ್ನ ಹೆಸರು ಹಿಡದು ಕೇಳಿದ್ನಂದ್ರಂತೂ ಅವ ಪಕ್ಕಾ ವೈರಿ!"

ಇದಕ್ಕೆ ತಾಲೀಮು ನಡೆಯಿತು. ಕಾಕಾ ತಲೆಗೆ ಟವೆಲು ಸುತ್ತಿಕೊಂಡು ಅಪರಿಚಿತನಾಗಿ ಬರುತ್ತಿದ್ದರು, ನಾವು ಸುಳ್ಳು ಹೇಳಬೇಕು. ಬಸಣ್ಣ ಮೊದಲ ದಿನ ಧೈರ್ಯವಾಗಿ, "ಬಲಕ್ಕ ಹೋಗ್ರಿ" ಎಂದ. ಕಾಕಾ ಬಲಕ್ಕೆ ಹತ್ತು ಹೆಜ್ಜೆ ಹೋಗಿರಲಿಲ್ಲ, ಇವನು ಹಿಂದೆ ಓಡಿದ. "ಏ ತಡೀರಿ, ತಡೀರಿ! ಆ ಕಡೆ ಊರಿಲ್ಲ. ಕತ್ತಲದಾಗ ಕಾಲುವ್ಯಾಗ ಬಿದ್ದು ಗಿದ್ದೀರಿ!" ಕಾಕಾ ಟವೆಲು ತೆಗೆದು ಅದರಲ್ಲೇ ಅವನಿಗೊಂದು ಬಾರಿಸಿದರು. ಎರಡನೆಯ ದಿನವೂ ಅಷ್ಟೇ, ಮೂರನೆಯ ದಿನವೂ ಅಷ್ಟೇ. ಕೊನೆಗೆ ಅವನನ್ನು ಯಾರೂ ಬಾರದ ಕಾಲುವೆಯ ದಂಡೆಗೆ ಕಾವಲು ಹಾಕಿದರು.

ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಕಾಕಾ ಅವರ ಹೆಂಡತಿ ನೀಲವ್ವ ಕಾಕು. ಕಣ್ಣು ಮಿಟುಕಿಸದೆ, ದನಿ ನಡುಗದೆ, ಮೇಲೆ ಒಂದಿಷ್ಟು ಅಂತಃಕರಣವನ್ನೂ ಬೆರೆಸಿ ಹೇಳುತ್ತಿದ್ದಳು: "ದಣದೀಯಲ್ಲೋ ತಮ್ಮಾ, ನೀರು ಕುಡೀತಿ ಏನು? ಹಿಂಗಽ ಬಲಕ್ಕ ಹೋಗು, ಊರು ಅಲ್ಲೇ ಐತಿ." ನಿಜ ಗೊತ್ತಿದ್ದ ನಮಗೇ ಬಲಕ್ಕೆ ಹೋಗಬೇಕೆನಿಸುತ್ತಿತ್ತು.

"ಇಷ್ಟು ಛಲೋ ಸುಳ್ಳು ಎಲ್ಲಿ ಕಲತಿ ಕಾಕು?" ಎಂದೆ ನಾನು.

"ಇವರ ಕೂಡ ಸಂಸಾರ ಮಾಡೇನಿ, ಸುಮಾ. ತಂಬಾಕದ ಚಂಚಿ ಎಲ್ಲೈತಿ ಅಂತ ದಿನಾ ಕೇಳತಾರ. ದಿನಾ ಗೊತ್ತಿಲ್ಲ ಅಂತೇನಿ."

ಎಲ್ಲರೂ ನಕ್ಕೆವು, ಕಾಕಾ ಕೂಡ. ಹಳ್ಳದ ತಗ್ಗಿನ ಕಾವಲು ಅವಳ ಪಾಲಿಗೆ ಬಂತು. ಸಂಜೆಯಾದರೆ ಕುಡುಗೋಲು, ಹುಲ್ಲಿನ ಹೊರೆ ಇಟ್ಟುಕೊಂಡು ಆ ಕರಿ ಬೋರ್ಡಿನ ಕೆಳಗೆ ಕೂರುತ್ತಿದ್ದಳು, ದಣಿವಾರಿಸಿಕೊಳ್ಳುವವಳ ಹಾಗೆ.

ಆ ಸಂಜೆ ಊರೆಲ್ಲ ದೀಪವಿಲ್ಲದೆ ಕೂತಿತ್ತು. ಗೋಡೆಯ ಆಚೆ ಒಂದು ಪಾತ್ರೆ ಬಿದ್ದ ಸದ್ದಾಯಿತು. ಕಾಕು ಕಾವಲಿಗೆ ಹೋಗಿದ್ದಳು, ಸರಿ; ಆದರೆ ಬಿದ್ದ ಪಾತ್ರೆಗೆ ಕಾಕಾ ಅವರ ಬೈಗುಳವೂ ಬೀಳಲಿಲ್ಲ. ಅದಕ್ಕೇ ನನಗೆ ಅನುಮಾನ ಬಂತು. ಹೋಗಿ ನೋಡಿದರೆ, ಕಿಟಕಿಯ ಮಬ್ಬು ಬೆಳಕಿನಲ್ಲಿ, ಕಾಕಾ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಬಾಯಿ ಒಂದು ಕಡೆ ಎಳೆದಿತ್ತು. ಬಲಗೈ ಬೇರೆ ಯಾರದೋ ಕೈ ಅಲ್ಲಿ ಮರೆತುಹೋದ ಹಾಗೆ ಪಕ್ಕದಲ್ಲಿ ಬಿದ್ದಿತ್ತು. ಲಕ್ವಾ, ಪಾರ್ಶ್ವವಾಯು ಎಂದು ನೋಡಿದೊಡನೆ ಗೊತ್ತಾಯಿತು. ಇದರಲ್ಲಿ ಹೊತ್ತು ಕಳೆದಷ್ಟೂ ಮನುಷ್ಯ ಕಳೆಯುತ್ತಾನೆ ಎಂದು ಕಾಲೇಜಿನ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಸ್ಟೀಲಿನ ಡಬ್ಬಿಯ ಮುಚ್ಚಳ ಉಗುರು ಮುರಿಯುವಂತೆ ಎಳೆದು ತೆಗೆದೆ. ಆಂಬುಲೆನ್ಸಿಗೆ ಊರ ಹೆಸರು ಹೇಳಿ, ಸುಭೇದಾರರ ಮನೆ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ ಎಂದೆ. ಹಾಗೆಂದದ್ದು ನಾನು. ನಮ್ಮೂರಿನ ಹಳೆಯ ಅಭ್ಯಾಸವೇ ಬಾಯಿಗೆ ಬಂದುಬಿಟ್ಟಿತ್ತು.

ನನ್ನ ಹಿಂದೆಯೇ ಬಂದಿದ್ದ ನಮ್ಮ ಅವ್ವ, ಯಾವುದಾದರೂ ಗಾಡಿ ಹೊರಡಿಸಲು ಮಠಕ್ಕೆ ಓಡಿದಳು. ಅಲ್ಲಿ ಬ್ಯಾಟರಿಗಳ ರಾಶಿ. ಯಾವ ಗಾಡಿಗೆ ಯಾವುದು ಎಂದು ಕತ್ತಲಲ್ಲಿ ತಡಕಾಡುವ ಮಂದಿ. ನಾನು ಕಾಕಾ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯ ಕಡೆ ಕಿವಿಗೊಟ್ಟು ಕೂತೆ. ಒಮ್ಮೆ ದೂರದಲ್ಲಿ ಗಾಡಿಯ ಸದ್ದು ಬಂತು, ನಿಂತಿತು, ಮತ್ತೆ ಹೊರಟಿತು. ಹೊರಟ ಸದ್ದು ನಮ್ಮ ಕಡೆ ಬರಲಿಲ್ಲ. ಸಣ್ಣದಾಗುತ್ತಾ ಸಣ್ಣದಾಗುತ್ತಾ ಹೋಯಿತು. ಈಗಲೂ ಆ ಸದ್ದನ್ನು ತಲೆಯೊಳಗೆ ಹಿಂದಕ್ಕೆಳೆದು ಎಡಕ್ಕೆ ತಿರುಗಿಸಲು ನೋಡುತ್ತೇನೆ. ಪ್ರತಿ ಸಲವೂ ಬಲಕ್ಕೇ ಹೋಗುತ್ತದೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಳೆಯ ಸದ್ದಾಯಿತು. ನೀಲವ್ವ ಕಾಕು ಏದುಸಿರು ಬಿಡುತ್ತಾ ಬಂದಳು. ವರದಿ ಒಪ್ಪಿಸಲು ಬಂದಿದ್ದಳು.

"ಏನ್ರೀ, ಎಲ್ಲದೀರಿ? ಇವತ್ತ ಬಂದಿತ್ತು ನೋಡ್ರಿ ಒಂದು ಗಾಡಿ! ನೀವು ಅಂದಂಗಽ ಆಂಬುಲೆನ್ಸಿನ ವೇಷ. ನಿಮ್ಮ ಹೆಸರು ಹಿಡದು ಕೇಳಿದ, ಸುಭೇದಾರರ ಮನಿ ಎಲ್ಲಿ ಅಂತ. ನಾ ಬಿಡತೇನೇನು? ನೀರು ಕುಡಿಸಿ ಕಾಲುವಿ ಕಡೆ ಅಟ್ಟಿ ಬಂದ್ನಿ!"

ಅಷ್ಟರಲ್ಲಿ ನಾನು ಕಡ್ಡಿ ಗೀರಿದ್ದೆ. ಬೆಳಕಿನಲ್ಲಿ ಅವಳ ಮುಖದ ಮೇಲೆ ಗೆಲುವು ಇನ್ನೂ ಇತ್ತು. ನೆಲದ ಮೇಲೆ ಮಲಗಿದವರನ್ನು ನೋಡಿದ ಮೇಲೂ ಅದು ಒಂದು ಗಳಿಗೆ ಹಾಗೇ ಉಳಿಯಿತು, ಇಳಿಯುವುದು ಹೇಗೆಂದು ತಿಳಿಯದ ಹಾಗೆ. ಆಮೇಲೆ ಅವಳು ತಿರುಗಿ ಹಳ್ಳದ ಕಡೆ ಓಡಿದಳು, ಕತ್ತಲಲ್ಲಿ, ಬರಿಗಾಲಲ್ಲಿ. ಕಡ್ಡಿ ನನ್ನ ಬೆರಳು ಸುಟ್ಟು ಆರಿತು.

ಗಾಡಿಯನ್ನು ಕರೆತಂದವನು ಬಸಣ್ಣ. ಕಾಲುವೆಯ ದಂಡೆಯ ತುದಿಯಲ್ಲಿ, ತಿರುಗಿಸಲೂ ಜಾಗವಿಲ್ಲದ, ಮೊಬೈಲೂ ಹತ್ತದ ಕಡೆ ಸಿಕ್ಕಿಕೊಂಡಿದ್ದ ಆಂಬುಲೆನ್ಸಿನವನು ಇವನನ್ನು ದಾರಿ ಕೇಳಿದ. ಬಸಣ್ಣನಿಗೆ ಕಲಿಸಿದ ಸುಳ್ಳು ಆಗಲೂ ಬಾಯಿಗೆ ಬರಲಿಲ್ಲ. ಅವನು ಗಾಡಿಯ ಮುಂದೆ ನಡೆಯುತ್ತಾ, ಅದನ್ನು ಹಿಂದುಹಿಂದಕ್ಕೆ ಬಿಡಿಸಿ, ಹತ್ತಿ ಕೂತು, ಮನೆ ಬಾಗಿಲಿಗೆ ತಂದು ನಿಲ್ಲಿಸಿದ. ಆದರೂ ಒಂದು ತಾಸಿಗೂ ಮಿಕ್ಕಿ ಹೊತ್ತು ಕಳೆದುಹೋಗಿತ್ತು.

ಡ್ರೈವರು ರಾಮದುರ್ಗದ ಕಡೆಯ ಹುಡುಗ, ದಸ್ತಗೀರ. ಈ ಭಾಗಕ್ಕೆ ಹೊಸಬ. ಕಾಕಾ ಅವರನ್ನು ಗಾಡಿಗೆ ಏರಿಸುತ್ತಾ ಸುತ್ತ ನೋಡಿ ಕೇಳಿದ: "ಯಾಕ್ರಿ ಇಡೀ ಊರು ಕತ್ತಲದಾಗ ಕುಂತೀರಿ? ಯುದ್ಧ ನಿಂತು ಎಷ್ಟೊತ್ತಾತು! ನಿಮಗ ಗೊತ್ತಿಲ್ಲೇನು?"

ನಮ್ಮ ಮೊಬೈಲುಗಳೆಲ್ಲ ಮಠದ ಪೆಟ್ಟಿಗೆಯಲ್ಲಿದ್ದವು.

ಸವದತ್ತಿಯಲ್ಲಿ ನೋಡಿ ಧಾರವಾಡಕ್ಕೆ ಕಳಿಸಿದರು. ಅಲ್ಲಿ ಡಾಕ್ಟರು ಜೀವಕ್ಕೆ ಭಯವಿಲ್ಲ ಎಂದರು. ಬಲಗೈ ಮತ್ತು ಮಾತು ಹೋಗಿವೆ, ಮಾತಿನ ಬಗ್ಗೆ ಏನೂ ಹೇಳಲಾಗದು ಎಂದರು. ಆಮೇಲೆ, ಎಲ್ಲ ಡಾಕ್ಟರೂ ಹೇಳುವ ಹಾಗೆ, ಇನ್ನೊಂದು ತಾಸು ಮೊದಲು ಬಂದಿದ್ದರೆ ಎಂದು ಹೇಳಿ ಅರ್ಧಕ್ಕೇ ನಿಲ್ಲಿಸಿದರು. ಕಾಕು ನನ್ನ ಪಕ್ಕದಲ್ಲೇ ನಿಂತಿದ್ದಳು.

ಊರು ಮರುದಿನವೇ ಬೋರ್ಡಿನ ಕರಿ ಬಣ್ಣವನ್ನು ಸೀಮೆಎಣ್ಣೆಯಿಂದ ತಿಕ್ಕಿ ತೊಳೆಯಿತು. ಅದರ ಜೊತೆ ಊರಿನ ಹೆಸರೂ ಅರ್ಧ ತೊಳೆದುಹೋಯಿತು. ಭಜನಾ ಮಂಡಳಿ ಅಲ್ಲಿಗೆ ಮುಗಿಯಿತು. ಕಾಕಾ ಮನೆಗೆ ಬರುವ ಮೊದಲು ಮಠದ ಕಟ್ಟೆಯ ಮೇಲೆ ಕೊನೆಯದಾಗಿ ಕೂಡಿ ಒಂದು ನಿರ್ಧಾರ ಮಾಡಿದೆವು: ಗಾಡಿ ಯಾಕೆ ತಡವಾಯಿತೆಂದು ಅವರಿಗೆ ಯಾರೂ ಹೇಳಬಾರದು. ಗುಪ್ತ ಪಡೆ ಎಂದು ಹೆಸರಿಟ್ಟುಕೊಂಡ ಮೇಲೆ ನಾವು ಕಾಪಾಡಿದ ನಿಜವಾದ ಗುಟ್ಟು ಅದೊಂದೇ.

ಆಮೇಲಿನ ದಿನಗಳಲ್ಲಿ ಗೋಡೆಯ ಆಚೆಯಿಂದ ಬೈಗುಳ ನಿಂತುಹೋಯಿತು. ನೀಲವ್ವ ಕಾಕುವಿನ ಬೈಗುಳ ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದು. ಉಪ್ಪು ಹೆಚ್ಚಾಯಿತೆಂದರೆ ಬೈಗುಳ, ಕಡಿಮೆಯಾಯಿತೆಂದರೆ ಬೈಗುಳ, ಏನೂ ಅನ್ನದೆ ಉಂಡರೆ "ಬಾಯಿ ಇಲ್ಲೇನು ನಿಮಗ" ಎಂದು ಬೈಗುಳ. ಈಗ ಅವರಿಗೆ ನಿಜವಾಗಿಯೂ ಬಾಯಿಲ್ಲದಾಗ ಅವಳೂ ಮಾತು ಬಿಟ್ಟಳು. "ಉಣ್ರಿ", "ಏಳ್ರಿ", "ಮಲಕೋರಿ", ಇಷ್ಟೇ. ಕಾಕಾ ಅವಳನ್ನೇ ನೋಡುತ್ತಾ ಕೂರುತ್ತಿದ್ದರು. ತಾನು ಹೊರೆಯಾಗಿದ್ದೇನೆ, ಅದಕ್ಕೇ ಇವಳು ಬೈಯುತ್ತಿಲ್ಲ ಎಂದು ಅವರು ತಿಳಿದಿದ್ದರೆಂದು ನನಗೆ ಅನಿಸುತ್ತಿತ್ತು. ಹೇಳಲು ಅವರಿಗೆ ಬಾಯಿಲ್ಲ, ಹೇಳಲು ನಮಗೆ ಅಪ್ಪಣೆಯಿಲ್ಲ. ಅವಳು ಮಲಗುತ್ತಿರಲಿಲ್ಲ. ಅದು ನನಗೆ ಗೊತ್ತಿದ್ದದ್ದು ನಾನೂ ಮಲಗುತ್ತಿರಲಿಲ್ಲವಾದ್ದರಿಂದ. ಗೋಡೆಯ ಎರಡು ಕಡೆ ಇಬ್ಬರು ಹೆಂಗಸರು ಒಂದೇ ಗಾಡಿಯ ಸದ್ದು ಕೇಳುತ್ತಾ ಎದ್ದು ಕೂತಿರುತ್ತಿದ್ದೆವು.

ಮುಂಗಾರು ಬಿದ್ದು ಹೊಲದಲ್ಲಿ ಹೆಸರುಕಾಳು ಮೊಳಕೆಯೊಡೆದ ದಿನಗಳಲ್ಲಿ, ಒಂದು ಮಧ್ಯಾಹ್ನ ದಸ್ತಗೀರ ಬಂದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಕಾಕಾ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ನಾನು ಅವರಿಗೆ ಪೇಪರು ಓದಿ ಹೇಳುತ್ತಿದ್ದೆ.

"ಈ ಕಡೆ ಡ್ಯೂಟಿ ಇತ್ತು. ಅಜ್ಜಾರನ್ನ ನೋಡಿ ಹೋಗೂನು ಅಂತ ಬಂದ್ನಿ" ಎಂದ. ಕಾಕಾ ಎಡಗೈ ಎತ್ತಿ ಕೂರಿಸಿದರು. ಅವನು ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಾ ಹೇಳಿದ: "ಅಜ್ಜಾರ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಅವತ್ತ ತಡಾ ಆಗಿದ್ದು ನನ್ನಿಂದಽ. ಹಳ್ಳದ ತಗ್ಗಿನ್ಯಾಗ ಒಬ್ಬಾಕಿ ಹೆಣಮಗಳು ಕುಂತಿದ್ಲು. ಕತ್ತಲದಾಗ ಮಾರಿ ಕಾಣಲಿಲ್ಲ. ಬಲಕ್ಕ ಹೋಗು ತಮ್ಮಾ ಅಂದ್ಲು, ಹೋದ್ನಿ. ಇನ್ನೊಬ್ಬರನ್ನ ಕೇಳಬೇಕಿತ್ತು. ಕೇಳಲಿಲ್ಲ. ಅವತ್ತಿನಿಂದ ನನಗ ನಿದ್ದಿ ಹತ್ತೂದಿಲ್ರಿ."

ಅವನ ಬೆನ್ನ ಹಿಂದೆ, ಚಹಾದ ಕಪ್ಪು ಹಿಡಿದು ನೀಲವ್ವ ಕಾಕು ನಿಂತಿದ್ದಳು. ಅವನು ಮುಖ ನೋಡಿಲ್ಲ. ಸುಮ್ಮನೆ ಚಹಾ ಕೊಟ್ಟು ಒಳಗೆ ಹೋಗಿದ್ದರೆ ಮುಗಿದಿತ್ತು. ಹೋಗಿಬಿಡು ಎಂದು ನಾನು ಕಣ್ಣಲ್ಲೇ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ.

"ನೀ ಯಾಕ ಇನ್ನೊಬ್ಬರನ್ನ ಕೇಳಬೇಕಿತ್ತೋ ತಮ್ಮಾ?" ಎಂದಳು. "ನಮ್ಮೂರಾಗ ಒಬ್ಬರನ್ನ ಕೇಳಿದ್ರ ಸಾಕಾಗಬೇಕು. ಆಕಿ ನಾನಽ."

ದಸ್ತಗೀರ ಎದ್ದು ನಿಂತ. ಕಾಕು ಕಪ್ಪನ್ನು ಅವನ ಕೈಗಿಟ್ಟು ಗಂಡನ ಕಡೆ ತಿರುಗಿದಳು.

"ಕೇಳಿದ್ರೇನು? ನಿಮ್ಮ ಗಾಡಿ ಕಾಲುವಿಗೆ ಅಟ್ಟಿದಾಕಿ ನಾನಽ. ನಿಮ್ಮ ಹೆಸರು ಕೇಳಿದ ಅಂತ ಅಟ್ಟಿದ್ನಿ."

ಕಾಕಾ ಅವಳನ್ನು ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಲಕ್ವಾ ಮತ್ತೊಮ್ಮೆ ಹೊಡೆಯಿತೆಂದು ನಾನು ಓಡಿ ಹೋಗಿ ಹಿಡಿದುಕೊಂಡೆ. ಹತ್ತಿರದಿಂದ ನೋಡಿದರೆ, ಅವರು ನಗುತ್ತಿದ್ದರು. ಬಾಯಿಯ ಎಡಗಡೆ ಮಾತ್ರ ನಗುತ್ತಿತ್ತು. ಬಲಗಡೆ ಅದರ ಪಾಡಿಗೆ ಜೋತುಬಿದ್ದಿತ್ತು. ಕಣ್ಣಿಂದ ನೀರು ಮಾತ್ರ ಎರಡೂ ಕಡೆ ಸಮನಾಗಿ ಇಳಿಯುತ್ತಿತ್ತು.

"ನಗತೀರಿ?" ಎಂದಳು ಕಾಕು. "ನಗತೀರೇನು ನೀವು? ಸತ್ತಿದ್ರ? ಬೇಳಿ ತೂಗಾವರು ಬೇಳಿ ತೂಕ್ಕೊಂತ ಇರಬೇಕಿತ್ತು, ಪಡಿ ಕಟ್ಟಾಕ ಹೋದ್ರಿ! ಸುಳ್ಳ ಹೇಳು, ಸುಳ್ಳ ಹೇಳು ಅಂತ ಕಲಿಸಿದಾವರು ಯಾರು? ಮ್ಯಾಲ ಆಂಬುಲೆನ್ಸ್ ಅಂತ! ಬ್ಯಾರೆ ಯಾವ ಗಾಡೀನೂ ನೆಪ್ಪಾಗಲಿಲ್ಲೇನು ನಿಮಗ?"

ಆ ಬೈಗುಳ ಚಹಾ ಆರುವವರೆಗೆ ನಡೆಯಿತು. ಅಷ್ಟು ದಿನ ಕೂಡಿಟ್ಟದ್ದೆಲ್ಲ ಬಂತು. ತಂಬಾಕು ಬಂತು, ಉಪ್ಪು ಬಂತು, ಮದುವೆಯಲ್ಲಿ ಕಾಕಾ ಅವರ ಸೋದರಮಾವ ಆಡಿದ ಮಾತೂ ಬಂತು. ಕಾಕಾ ನಡುನಡುವೆ ತಲೆಯಾಡಿಸುತ್ತಿದ್ದರು. ಎಡಗೈಯಲ್ಲಿ ತಡಕಾಡಿ ಅವಳ ಸೆರಗಿನ ತುದಿ ಹಿಡಿದಿದ್ದರು, ಬಿಡಲಿಲ್ಲ. ದಸ್ತಗೀರ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, "ಬರತೇನ್ರಿ ಅವ್ವಾರ" ಎಂದ. ಕಾಕು ಬೈಯುವುದನ್ನು ಅಲ್ಲಿಗೇ ನಿಲ್ಲಿಸಿ, ಸೆರಗು ಬಿಡಿಸಿಕೊಂಡು, ದೊಡ್ಡ ರಸ್ತೆಯ ತನಕ ಅವನ ಗಾಡಿಯಲ್ಲೇ ಹೋಗಿ, ದಾರಿ ತೋರಿಸಿ, ಮಳೆಯಲ್ಲಿ ನೆನೆಯುತ್ತಾ ನಡೆದು ಬಂದಳು. ಅವನಿಗೆ ದಾರಿ ಗೊತ್ತಿತ್ತು. ಆದರೂ ಅವಳು ಕೈ ಮಾಡಿದ ಕಡೆಗೇ ತಿರುಗಿಸುತ್ತಾ ಹೋದನಂತೆ.

ಮಾತು ಇನ್ನೂ ಬಂದಿಲ್ಲ. ಬರುತ್ತದೆಂದು ನಾವೀಗ ಹೇಳುವುದನ್ನೂ ಬಿಟ್ಟಿದ್ದೇವೆ. ಕಾಕಾ ಅಂಗಿಯ ಗುಂಡಿಯನ್ನು ಎಡಗೈಯಲ್ಲಿ ಹಾಕಿಕೊಳ್ಳುತ್ತಾರೆ, ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಆ ಒಂದು ತಾಸು ಎಲ್ಲಿ ಹೋಯಿತು ಎಂದು ನಾನು ಹುಡುಕುವುದೂ ನಿಂತಿಲ್ಲ.

ಆದರೆ ದಸ್ತಗೀರ ಬಂದುಹೋದ ಮರುದಿನ ನನಗೆ ಎಚ್ಚರವಾದದ್ದು ಬಿಸಿಲು ಮುಖಕ್ಕೆ ಬಿದ್ದಾಗ. ಮಲಗಿದ್ದು ನೆನಪಿತ್ತು, ನಡುವೆ ಏನೂ ನೆನಪಿರಲಿಲ್ಲ. ಪಕ್ಕದ ಮನೆಯ ಎಮ್ಮೆ ಊರು ಹಾರಿಹೋಗುವಂತೆ ಒದರುತ್ತಿತ್ತು. ಹಾಲು ಕರೆಯುವ ಹೊತ್ತು ಮೀರಿ ಎಷ್ಟೋ ಆಗಿತ್ತು. ಏನಾಯಿತೋ ಎಂದು ಓಡಿ, ಬಾಗಿಲು ನೂಕಿ, "ಕಾಕು!" ಎಂದು ಕೂಗಿದೆ.

ನೀಲವ್ವ ಕಾಕು ನೆಲದ ಮೇಲೆ ಚಾಪೆಯಲ್ಲಿ, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಾ ಮಲಗಿದ್ದಳು. ಮಂಚದ ಮೇಲೆ ಕಾಕಾ ಎದ್ದು ಕೂತಿದ್ದರು. ಅವರು ಎಡಗೈಯ ಬೆರಳನ್ನು ನಿಧಾನವಾಗಿ ಎತ್ತಿ ತುಟಿಯ ಮೇಲಿಟ್ಟುಕೊಂಡು, ನನ್ನನ್ನು ಸುಮ್ಮನಿರಲು ಹೇಳಿದರು.